ಹಾಲು ಹೆಚ್ಚಾಗಿದೆ

ನನ್ನ ವ್ಯಾನಿಟಿ ಬ್ಯಾಗಿನೊಳಗೆ ಯಾರಾದರೂ ಇಣುಕಿದರೆ ಸ್ವಲ್ಪ ಗಾಬರಿಯಾದಾರು. ಕರ್ಚೀಫು, ಕನ್ನಡಕದ ಡಬ್ಬಿ, ಒಂದು ಪುಟ್ಟ ಔಷಧಿ ಬಾಟಲಿ, ಅದರ ಪಕ್ಕದಲ್ಲಿ ಹಿತ್ತಾಳೆ ಹಿಡಿಕೆಯ ಭೂತಗನ್ನಡಿ. ಎಪ್ಪತ್ತು ದಾಟಿದ ಹೆಂಗಸು ಕಿರಾಣಿ ಅಂಗಡಿಗೆ ಹೊರಡುವಾಗ ಪತ್ತೇದಾರಳ ಹಾಗೆ ಭೂತಗನ್ನಡಿ ಹಿಡಿದು ಹೋಗುವುದೇಕೆ ಎಂದು ನೀವು ಕೇಳಬಹುದು. ಶಿಕಾರಿಪುರದ ಅರ್ಧ ಊರು ಈಗಾಗಲೇ ಕೇಳಿದೆ. ಉಳಿದರ್ಧಕ್ಕೆ ಮೊದಲರ್ಧವೇ ಹೇಳಿಬಿಟ್ಟಿದೆ. ಇನ್ನು ನೀವೊಬ್ಬರು ಬಾಕಿ. ಕೂತುಕೊಳ್ಳಿ.

ಈ ಭೂತಗನ್ನಡಿ ಮೂಲತಃ ನನ್ನದಲ್ಲ. ನಮ್ಮ ಯಜಮಾನರದು. ಅವರು ಸರ್ವೆ ಇಲಾಖೆಯಲ್ಲಿದ್ದವರು. ಮಾಸಿದ ನಕಾಶೆಗಳ ಮೇಲೆ ಬಗ್ಗಿ, ಯಾವ ಗೆರೆ ಹಳ್ಳ, ಯಾವ ಗೆರೆ ಇರುವೆ ನಡೆದ ದಾರಿ ಎಂದು ನೋಡಿ ನೋಡಿಯೇ ರಿಟೈರ್ ಆದರು. ಬಹಳ ಸ್ಟ್ರಿಕ್ಟ್ ಆಫೀಸರ್ ಎಂದು ಹೆಸರು. ಆದರೂ ಒಂದು ಸಲ ಬಂದಳಿಕೆಯ ಹತ್ತಿರ ಯಾರದೋ ಹೊಲ ಅಳೆಯಲು ಹೋಗಿ, ಗಡಿಕಲ್ಲು ಎಂದು ತಿಳಿದು ಅರ್ಧ ಹೂತ ಶಾಸನದ ಕಲ್ಲಿನಿಂದ ಚೈನು ಹಿಡಿದು ಅಳೆದುಬಿಟ್ಟರಂತೆ. ಕಲ್ಲಿನ ಮೇಲೆ ಅಕ್ಷರ ಇದ್ದವಲ್ಲ, ಕಾಣಲಿಲ್ಲವೇ ಎಂದು ನಾನು ಕೇಳಿದರೆ, ಕಂಡವು, ಆದರೆ ಯಾವುದೋ ಹಳೇ ಸರ್ವೆ ನಂಬರು ಇರಬೇಕು ಅಂದುಕೊಂಡೆ ಎನ್ನುತ್ತಾರೆ. ಈ ಕಥೆಯನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನನ್ನದೂ ಇಂಥದ್ದೇ ಒಂದು ತಪ್ಪು ಮುಂದೆ ಬರಲಿದೆ. ಅಷ್ಟರೊಳಗೆ ಯಜಮಾನರದನ್ನು ನಿಮ್ಮ ಕಿವಿಗೆ ಹಾಕಿಟ್ಟರೆ ನನಗೊಂದು ಧೈರ್ಯ.

ಭೂತಗನ್ನಡಿ ನನ್ನ ಕೈಗೆ ಬಂದದ್ದು ಮೊಮ್ಮಗಳು ಅವನಿಯ ದೆಸೆಯಿಂದ. ಮಗ, ಸೊಸೆ ಇಬ್ಬರೂ ಟೀಚರುಗಳು. ಬೆಳಿಗ್ಗೆ ಅವರು ಬ್ಯಾಗು ಹಾಕಿಕೊಂಡು ಹೊರಟ ಮೇಲೆ ಮಗು ನಮ್ಮಿಬ್ಬರ ಪಾಲಿಗೆ. ಹತ್ತು ತಿಂಗಳಿನ ಕೂಸಿಗೆ ಶಾಸ್ತ್ರಕ್ಕೆಂಬಂತೆ ಒಂದು ಚಮಚ ಮೊಸರನ್ನ ತಿನ್ನಿಸಿದೆ, ನನ್ನ ಈ ಕೈಯಿಂದಲೇ. ನೋಡನೋಡುತ್ತಿದ್ದಂತೆ ತುಟಿ ಊದಿತು, ಮೈತುಂಬ ದದ್ದೆದ್ದಿತು. ಶಿವಮೊಗ್ಗದ ಡಾಕ್ಟರರು ಟೆಸ್ಟ್ ಮಾಡಿಸಿ, ಮಗುವಿಗೆ ಹಸುವಿನ ಹಾಲು ಅಲರ್ಜಿ, ಹಾಲಷ್ಟೇ ಅಲ್ಲ, ಮೊಸರು ಬೆಣ್ಣೆ ತುಪ್ಪ ಖೋವ ಯಾವುದೂ ಕೂಡದು, ಎಮ್ಮೆಯದೂ ಬೇಡ ಎಂದರು. ದೊಡ್ಡವಳಾಗುತ್ತ ಅಲರ್ಜಿ ಹೋಗಬಹುದು, ಹೋಗದೆಯೂ ಇರಬಹುದು ಎಂದರು. ಅಲ್ಲಿಂದ ಈಚೆಗೆ ಔಷಧಿ ಬಾಟಲಿ ನನ್ನ ಬ್ಯಾಗಿನ ಖಾಯಂ ನಿವಾಸಿ.

ನಮ್ಮಂಥ ಮನೆಗಳಲ್ಲಿ ಇದು ಎಂಥ ಸಂಕಟ ಎಂದು ಯೋಚಿಸಿ. ಹೊಸ ಮನೆಗೆ ಹೋದರೆ ಹಾಲುಕ್ಕಿಸುತ್ತೇವೆ. ಪಂಚಮಿಗೆ ನಾಗಪ್ಪನಿಗೆ ಹಾಲೆರೆಯುತ್ತೇವೆ. ಮಗು ನೋಡಲು ಬಂದವರು ಮೊದಲು ಕೇಳುವುದೇ ಹಾಲು ಕುಡಿಯುತ್ತದಾ ಎಂದು. ಇಲ್ಲ ಅಂದರೆ ಸಾಕು, ಊರೆಲ್ಲ ಡಾಕ್ಟರು. ಜರ್ಸಿ ಹಾಲು ಕೊಟ್ಟಿರಬೇಕು, ನಾಟಿ ಹಸುವಿಂದು ಕೊಡ್ರಿ ಎಂದು ಒಬ್ಬರು. ಸ್ವಲ್ಪ ಸ್ವಲ್ಪ ರೂಢಿ ಮಾಡ್ರಿ, ತಾನೇ ಒಗ್ಗತೈತಿ ಎಂದು ಇನ್ನೊಬ್ಬರು. ಅಲರ್ಜಿಯಲ್ಲ ಅದು, ಮೊಂಡಾಟ ಎಂದವರೂ ಉಂಟು. ನಾನು ಎಲ್ಲರಿಗೂ ನಗುತ್ತಾ ತಲೆಯಾಡಿಸಿ, ಮಗುವನ್ನು ಸೊಂಟದ ಈ ಕಡೆಯಿಂದ ಆ ಕಡೆಗೆ ಬದಲಾಯಿಸಿಕೊಳ್ಳುತ್ತಿದ್ದೆ.

ಒಂದು ಗುಟ್ಟು ಹೇಳಲೇ? ಮನಸ್ಸಿನ ಮೂಲೆಯಲ್ಲಿ ನನಗೆ ಆ ಕೂಸಿನ ಮೇಲೆ ಸಣ್ಣದೊಂದು ಮೆಚ್ಚುಗೆಯೂ ಇತ್ತು. ನಾನು ಜೀವಮಾನವಿಡೀ ಮಾಡಬೇಕೆಂದಿದ್ದ ಪ್ರೊಟೆಸ್ಟನ್ನು ಅದು ಹತ್ತೇ ತಿಂಗಳಿಗೆ ಮಾಡಿ ಮುಗಿಸಿತ್ತು. ಜಡೆ ಎಂಬ ಊರಿನಲ್ಲಿ ಹುಟ್ಟಿದ ನನ್ನನ್ನು ಒಂಬತ್ತು ವರ್ಷಕ್ಕೇ ಶಿವಮೊಗ್ಗದ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದರು. ಅಲ್ಲಿ ಸಂಜೆ ಐದಕ್ಕೆ ಸಾಲಾಗಿ ನಿಲ್ಲಿಸಿ, ಪುಡಿಯಿಂದ ಕಲಸಿದ ಹಾಲನ್ನು ಅಲ್ಯೂಮಿನಿಯಂ ಲೋಟದಲ್ಲಿ ಕೊಡುತ್ತಿದ್ದರು. ಮೇಲೆ ಕೆನೆಯ ಪದರ, ಒದ್ದೆ ಕರ್ಚೀಫಿನಂತೆ. ಕಣ್ಣು ಮುಚ್ಚಿ ಕುಡಿ ಎನ್ನುತ್ತಿದ್ದರು ಸಿಸ್ಟರ್ ಅಗಾಥಾ. ಕಣ್ಣು ಮುಚ್ಚಿದರೆ ಕೆನೆ ಇನ್ನೂ ದಪ್ಪಗೆ ಕಾಣುತ್ತಿತ್ತು. ವರಾಂಡದಲ್ಲೊಂದು ಕ್ರೋಟನ್ ಕುಂಡ ಇತ್ತು. ಅದಕ್ಕೆ ನನ್ನ ಪಾಲಿನದನ್ನು ದಾನ ಮಾಡುತ್ತಾ ಬಂದೆ. ಟರ್ಮು ಮುಗಿಯುವುದರೊಳಗೆ ಕ್ರೋಟನ್ ಒಣಗಿತು. ಬಿಸಿಲು ಜಾಸ್ತಿಯಾಯಿತು ಎಂದು ಸಿಸ್ಟರ್ ಕುಂಡವನ್ನು ನೆರಳಿಗೆ ಸರಿಸಿದರು. ನಾನೂ ಲೋಟ ಹಿಡಿದು ನೆರಳಿಗೆ ಸರಿದೆ.

ಆದರೆ ಅದೇ ಸಿಸ್ಟರ್ ಅಗಾಥಾ ಕಲಿಸಿದ ಒಂದು ಪಾಠ ಇವತ್ತಿಗೂ ಅನ್ನ ಹಾಕುತ್ತಿದೆ. ಏನೇ ಓದಿದರೂ ಎರಡು ಸಲ ಓದಬೇಕು, ಒಂದು ಸಲ ಅರ್ಥಕ್ಕೆ, ಇನ್ನೊಂದು ಸಲ ಕಾಮಾಗಳಿಗೆ ಎನ್ನುತ್ತಿದ್ದರು. ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೇಲೆ ನನ್ನ ಇಂಗ್ಲಿಷು, ನೆಂಟರು ಬಂದಾಗ ಮಾತ್ರ ಹೊರತೆಗೆಯುವ ಪಿಂಗಾಣಿ ಕಪ್ಪಿನ ಹಾಗೆ ಶೋಕೇಸಿನಲ್ಲಿತ್ತು. ಮೊಮ್ಮಗಳಿಗೆ ಅಲರ್ಜಿ ಎಂದಾದ ಮೇಲೆ ಅದಕ್ಕೆ ಮತ್ತೆ ನೌಕರಿ ಸಿಕ್ಕಿತು. ಬಿಸ್ಕತ್ತಿನ ಪೊಟ್ಟಣದ ಬೆನ್ನಿನ ಮೇಲೆ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಕಾಮಾಗಳ ನಡುವೆ ಹಾಲು ಬಚ್ಚಿಟ್ಟುಕೊಂಡಿರುತ್ತದೆ. ಒಂದು ಕಡೆ ಮಿಲ್ಕ್ ಸಾಲಿಡ್ಸ್ ಎಂದು, ಇನ್ನೊಂದು ಕಡೆ ವೇ ಪೌಡರ್ ಎಂದು, ಮತ್ತೊಂದು ಕಡೆ ಕೇಸಿನೇಟ್ ಎಂದು, ತಲೆತಪ್ಪಿಸಿಕೊಂಡ ಕಳ್ಳ ಊರೂರಲ್ಲಿ ಬೇರೆ ಬೇರೆ ಹೆಸರು ಹೇಳಿಕೊಳ್ಳುತ್ತಾನಲ್ಲ, ಹಾಗೆ. ಖಾರದ ಚಿಪ್ಸಿನಲ್ಲಿ ಹಾಲಿದೆ ಎಂದರೆ ನೀವು ನಂಬುತ್ತೀರಾ? ನಾನು ನಂಬಲಿಲ್ಲ. ಎರಡನೆಯ ಸಲ, ಕಾಮಾಗಳಿಗೆಂದು ಓದುವಾಗ ಸಿಕ್ಕಿಬಿತ್ತು. ಅದೇ ಪೀನಟ್ ಬಟರಿನಲ್ಲಿ ಬೆಣ್ಣೆಯಿಲ್ಲ, ಕೋಕೋ ಬಟರಿನಲ್ಲಿ ಬೆಣ್ಣೆಯಿಲ್ಲ, ಬಟರ್ ಫ್ರೂಟಿನಲ್ಲಂತೂ ಕೇಳಲೇಬೇಡಿ. ಇಂಗ್ಲಿಷಿನವರಿಗೆ ಬೆಣ್ಣೆಯ ಮೇಲೆ ಏನೋ ಮೋಹ.

ನಮ್ಮ ಯಜಮಾನರು ಭೂತಗನ್ನಡಿಯನ್ನು ಕೊಡುವಾಗ ಜೊತೆಗೆ ತಮ್ಮ ಇಲಾಖೆಯ ಭಾಷೆಯನ್ನೂ ಕೊಟ್ಟರು. ಹಾಲಿಲ್ಲದ ಸಾಮಾನು ಸಾಗುವಳಿ. ಹಾಲಿದ್ದದ್ದು ಖರಾಬು, ಅಂದರೆ ಉಳುಮೆಗೆ ಬಾರದ ಜಮೀನು. ಹಾಲಿನ ಅಂಶ ಇದ್ದರೂ ಇರಬಹುದು ಎಂದು ಕೆಲವು ಕಂಪನಿಗಳು ಅಡಿಯಲ್ಲಿ ಬರೆಯುತ್ತವಲ್ಲ, ಅದು ತಕರಾರು. ತಕರಾರಿರುವ ಜಮೀನಿಗೆ ಕಾಲಿಡಬಾರದು ಎಂದು ಅವರ ಕಟ್ಟಪ್ಪಣೆ. ಮೊಮ್ಮಗಳಿಗೆ ಅಪ್ಪ ಅಮ್ಮ ಅಜ್ಜ ಅಜ್ಜಿಯ ನಂತರ ಬಾಯಿಗೆ ಬಂದ ಮಾತು ಇದೇ ಇರಬೇಕು. ಮೂರು ವರ್ಷದ ಮಗು ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತು, ಬಡಿಸಲು ಬಂದವರನ್ನು ತಲೆಯೆತ್ತಿ ನೋಡಿ, "ಇದು ಖರಾಬಾ?" ಎಂದು ಕೇಳಿತು. ಆ ಭಟ್ಟರು ಪಾಯಸದ ಬಕೆಟ್ಟು ಕೆಳಗಿಟ್ಟು, ಮೂಸಿ ನೋಡಿ, ಇಲ್ಲಮ್ಮಾ, ಬೆಳಿಗ್ಗೆ ಮಾಡಿದ್ದು ಎಂದರು.

ಅಂಗಡಿಯ ಚನ್ನಬಸಣ್ಣನದು ಇನ್ನೊಂದು ಕಥೆ. ನಮ್ಮ ಬೀದಿ ತುದಿಯ ಕಿರಾಣಿ ಅಂಗಡಿ. ಶುರುವಿನಲ್ಲಿ ಆತನಿಗೆ ನನ್ನ ಕಾಟ ಅರ್ಥವಾಗುತ್ತಿರಲಿಲ್ಲ. ಇದರಲ್ಲಿ ಹಾಲಿದೆಯಾ ಎಂದು ಬಿಸ್ಕತ್ತು ತೋರಿಸಿದರೆ, "ಹಾಲೆಲ್ಲಿ ಬಂತ್ರೀ ಅಮ್ಮಾರೆ, ಪುಡಿ ಹಾಕಿರ್ತಾರ ಅಷ್ಟ" ಎಂದ. ಬನ್ನು ತೋರಿಸಿದರೆ, ಹಾಲಿಲ್ಲ, ಬರೀ ಬೆಣ್ಣೆ ಎಂದ. ಅವನ ಲೆಕ್ಕದಲ್ಲಿ ಹಾಲು ಎಂದರೆ ಲೋಟದಲ್ಲಿ ಅಲುಗಾಡುವುದು ಮಾತ್ರ. ಅಲುಗಾಡದೆ ಇದ್ದರೆ ಅದರ ಜಾತಿಯೇ ಬೇರೆ. ಕೊನೆಗೆ ಒಂದು ದಿನ ನಾನು ಭೂತಗನ್ನಡಿಯನ್ನು ಅವನ ಕೈಗೇ ಕೊಟ್ಟೆ. ಓದಿದ. ಬಾಯೊಳಗೇ ಒಂದೊಂದಕ್ಷರ ಕೂಡಿಸಿ ಓದಿ, ಹತ್ತು ವರ್ಷದಿಂದ ಮಾರುತ್ತಿದ್ದ ಬಿಸ್ಕತ್ತಿನೊಳಗೆ ಏನಿದೆ ಎಂದು ಅವತ್ತು ತಿಳಿದುಕೊಂಡ. ಅಲ್ಲಿಂದ ಮುಂದೆ ಅವನೇ ನನ್ನ ಪಕ್ಷ. ನಾನು ಮೆಟ್ಟಿಲು ಹತ್ತುವುದರೊಳಗೆ, "ಅಮ್ಮಾರೆ, ಹೊಸಾ ಮಾಲು ಬಂದೈತ್ರೀ, ಸರ್ವೆ ಮಾಡ್ರಿ" ಎನ್ನುತ್ತಾನೆ. ಒಮ್ಮೆ ವರ್ಷಗಟ್ಟಲೆ ಸಾಗುವಳಿಯಲ್ಲಿದ್ದ ಬಿಸ್ಕತ್ತು ಪೊಟ್ಟಣದ ಮೇಲೆ ಹೊಸದೊಂದು ನಕ್ಷತ್ರ ಅಂಟಿಸಿಕೊಂಡು ಬಂತು. ನಾನು ನಂಬಿಕೆಯ ಮೇಲೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ತಡೀರಿ ಎಂದು ಅವನೇ ತೆಗೆದು ಓದಿದ. ರುಚಿ ಹೆಚ್ಚಿಸಲು ಹಾಲಿನ ಪುಡಿ ಸೇರಿಸಿದ್ದರು. ಆ ದಿನ ಅವನಿಗೆ ಕೈಮುಗಿಯಬೇಕೆನಿಸಿತು. ಸಂಕೋಚಕ್ಕೆ ಅರ್ಧ ಕೇಜಿ ಶೇಂಗಾ ಕೊಂಡು ಬಂದೆ.

ಅಂತೂ ಮನೆಯ ಮಟ್ಟಿಗೆ ಬದುಕು ಸಲೀಸಾಗಿತ್ತು. ಕಾಯಿಹಾಲಿನ ಪಾಯಸ, ಎಣ್ಣೆಯ ಹೋಳಿಗೆ, ಹುಣಸೆಯ ತಂಬುಳಿ ಎಂದು ನಾವೂ ಒಗ್ಗಿಕೊಂಡಿದ್ದೆವು. ಕಷ್ಟ ಇದ್ದದ್ದು ಶಾಲೆಯಲ್ಲಿ, ಅದರಲ್ಲೂ ಅವಳ ಹುಟ್ಟುಹಬ್ಬದ ದಿನ.

ಅವನಿಯ ಕ್ಲಾಸಿನಲ್ಲಿ ಹುಟ್ಟುಹಬ್ಬದ ಮಗು ಎಲ್ಲರಿಗೂ ಚಾಕಲೇಟು ಹಂಚುತ್ತದೆ. ಹಾಡು ಮುಗಿಯುವತನಕ ಯಾರೂ ಬಿಚ್ಚುವಂತಿಲ್ಲ. ಹಾಡಾದ ಮೇಲೆ ಎಲ್ಲರೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳಬೇಕು. ಹೋದ ವರ್ಷ ಅವಳೂ ಹಂಚಿದಳು, ತನಗೆ ಆಗದ ಚಾಕಲೇಟನ್ನೇ. ಆಮೇಲೊಂದು ದಿನ ಅವಳ ಟೀಚರು ಸಿಕ್ಕಾಗ ಹೇಳಿದರು. ಹಾಡು ಮುಗಿದೊಡನೆ ಎಲ್ಲ ಮಕ್ಕಳ ಜೊತೆಗೆ ಅವನಿಯೂ ಖಾಲಿ ಬೆರಳನ್ನು ಬಾಯಿಗಿಟ್ಟು, ಎಲ್ಲರೂ ಮುಗಿಸುವವರೆಗೆ ಸುಮ್ಮನೆ ಬಾಯಿ ಆಡಿಸುತ್ತಾ ನಿಂತಿದ್ದಳಂತೆ.

ಈ ವರ್ಷ ಹುಟ್ಟುಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಬಂದು ನನ್ನ ಸೆರಗು ಹಿಡಿದಳು. "ಅಜ್ಜಿ, ಈ ಸಲ ನಾನು ಹಂಚೋದನ್ನ ನಾನೂ ತಿನ್ಬೇಕು."

ಬರೀ ಅಷ್ಟೇ. ಹೊಸ ಫ್ರಾಕು ಬೇಡ, ಸೈಕಲ್ಲು ಬೇಡ. ನಾನು ಆಫ್ ಕೋರ್ಸ್ ಎಂದುಬಿಟ್ಟೆ. ಕಾನ್ವೆಂಟಿನಲ್ಲಿ ಕಲಿತ ಕೆಟ್ಟ ಚಾಳಿಗಳಲ್ಲಿ ಇದೂ ಒಂದು, ಆಗುತ್ತದೋ ಇಲ್ಲವೋ ನೋಡದೆ ಆಫ್ ಕೋರ್ಸ್ ಎನ್ನುವುದು.

ಚನ್ನಬಸಣ್ಣನ ಅಂಗಡಿಯ ಚಾಕಲೇಟು ಭರಣಿಗಳನ್ನೆಲ್ಲ ಸರ್ವೆ ಮಾಡಿದೆವು. ಒಂದೋ ಖರಾಬು, ಇಲ್ಲವೇ ತಕರಾರು. ಸಾಗುವಳಿಗೆ ಬಂದದ್ದು ಶುಂಠಿ ಪೆಪ್ಪರ್‌ಮೆಂಟು ಮಾತ್ರ. ಅದನ್ನು ಮಕ್ಕಳಿಗೆ ಹಂಚಿದರೆ ಕ್ಲಾಸಿಗೆಲ್ಲ ಕೆಮ್ಮು ಬಂದಿದೆ ಎಂದುಕೊಂಡಾರು. ಆಗ ನನಗೆ ನೆನಪಾದದ್ದು ಹಾಲುಬಾಯಿ. ಹೆಸರು ಕೇಳಿ ಹೆದರಬೇಡಿ. ಅಕ್ಕಿ, ಕಾಯಿ, ಬೆಲ್ಲ ರುಬ್ಬಿ, ಗಟ್ಟಿಯಾಗುವವರೆಗೆ ಕಾಯಿಸಿ, ತಟ್ಟೆಗೆ ಸುರಿದು ಕತ್ತರಿಸುವ ತಿಂಡಿ. ಅದರಲ್ಲಿರುವುದು ಕಾಯಿಹಾಲು. ಇಂಗ್ಲಿಷಿನವರಿಗೆ ಬೆಣ್ಣೆಯ ಮೋಹ ಎಂದು ಆಗ ನಕ್ಕೆನಲ್ಲ, ನಮ್ಮದೇನು ಕಡಿಮೆಯೇ? ಕಾಯಿ ಹಿಂಡಿದರೂ ಹಾಲು, ರಾಗಿ ಸೋಸಿದರೂ ಹಾಲು, ಗದ್ದೆಯಲ್ಲಿ ಭತ್ತದ ತೆನೆಗೆ ತುಂಬುವುದೂ ಹಾಲೇ. ಜಡೆಯಲ್ಲಿ ನಮ್ಮಮ್ಮ ಹಾಲುಬಾಯಿ ಮಾಡುವ ದಿನ ಬಾಳೆಲೆ ಕೊಯ್ದು ತರುವುದು ನನ್ನ ಕೆಲಸ. ರಜೆ ಮುಗಿಸಿ ಬೋರ್ಡಿಂಗಿಗೆ ಹೊರಟಾಗ ಟ್ರಂಕಿನ ಬಟ್ಟೆಯ ನಡುವೆ ಬಾಳೆಲೆಯಲ್ಲಿ ಸುತ್ತಿ ನಾಲ್ಕು ತುಂಡು ಇಟ್ಟಿರುತ್ತಿದ್ದಳು. ಪೆಟಿಕೋಟುಗಳೆಲ್ಲ ಒಂದು ವಾರ ಏಲಕ್ಕಿ ವಾಸನೆ.

ಸರಿ, ನಾನೇ ಮಾಡುತ್ತೇನೆಂದು ಕೂತೆ. ನಮ್ಮ ಕಾನ್ವೆಂಟಿನಲ್ಲಿ ಸ್ಟ್ಯೂ ಕಲಿಸಿದರು, ಕಸೂತಿ ಕಲಿಸಿದರು, ಎಂಟು ತರಹದ ಥ್ಯಾಂಕ್ಯೂ ಪತ್ರ ಬರೆಯುವುದನ್ನು ಕಲಿಸಿದರು. ಹಾಲುಬಾಯಿ ಕಲಿಸಲಿಲ್ಲ. ಒಂದು ಗಂಟೆ ಕೈಯಾಡಿಸಿದ ಮೇಲೆ ಅದು ಪಾತ್ರೆಯನ್ನು ಬಿಟ್ಟು ಬರಬೇಕಿತ್ತು. ಪಾತ್ರೆಯೇ ಒಲೆ ಬಿಟ್ಟು ಅದರ ಜೊತೆ ಬಂತು. ಯಜಮಾನರು ಸೌಟನ್ನು ಎಳೆದು ನೋಡಿ, ಇದಿದ್ದಿದ್ದರೆ ಗಡಿಕಲ್ಲು ನೆಡುವಾಗ ಎಷ್ಟು ಅನುಕೂಲವಾಗುತ್ತಿತ್ತು ಎಂದರು.

ಈ ಸೋಲಿನ ವಾರ್ತೆ ಚನ್ನಬಸಣ್ಣನಿಗೂ ಮುಟ್ಟಿತು. ಅವನ ಹೆಂಡತಿಯ ತವರು ಸೊರಬದ ಕಡೆಯ ಕುಪ್ಪಗಡ್ಡೆ. ಸೊರಬದಲ್ಲಿ ಹಿಟ್ಟಿನ ಗಿರಣಿ ಪಕ್ಕ ಗಂಗಕ್ಕ ಎಂಬವರದೊಂದು ಸಣ್ಣ ಅಂಗಡಿ ಇದೆಯೆಂದೂ, ಅವರ ಹಾಲುಬಾಯಿ ಅಂದರೆ ಆ ಕಡೆ ಹೆಸರುವಾಸಿ ಎಂದೂ ಅವನೇ ಹೇಳಿದ. ಹುಟ್ಟುಹಬ್ಬ ಸೋಮವಾರ. ಶುಕ್ರವಾರ ಮಧ್ಯಾಹ್ನ ಯಜಮಾನರೂ ನಾನೂ ಸೊರಬದ ಬಸ್ಸು ಹತ್ತಿದೆವು. ಬಸ್ಸು ಶಿರಾಳಕೊಪ್ಪದಲ್ಲಿ ಕೆಟ್ಟು ನಿಂತು, ನಾವು ಸೊರಬ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ವಾಪಸು ಬಸ್ಸಿಗೆ ಹತ್ತೇ ನಿಮಿಷ. ಯಜಮಾನರು ಸ್ಟ್ಯಾಂಡಿನಲ್ಲೇ ಸೀಟು ಹಿಡಿಯಲು ನಿಂತರು. ಗಿರಣಿ ಹುಡುಕಿಕೊಂಡು ನಾನೊಬ್ಬಳೇ ಓಡಿದೆ.

ಗಂಗಕ್ಕ ನನ್ನ ವಾರಿಗೆಯವರೇ. ಅಂಗಡಿಯ ದೇವರ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಹಾಲುಬಾಯಿ ತುಂಡುಗಳು, ಬೆಲ್ಲದ ಬಣ್ಣಕ್ಕೆ ಮಿರಮಿರ ಮಿಂಚುತ್ತಾ. ನಾನು ಏದುಸಿರು ಬಿಡುತ್ತಾ ಅದರ ಕಡೆ ಬೆರಳು ತೋರಿಸಿ, ಹಾಲು ಇದೆಯಾ ಎಂದು ಕೇಳಿದೆ. ಅವರು ಪಟದ ಕಡೆಗೇ ಮುಖ ಮಾಡಿಕೊಂಡು ಮೆಲ್ಲಗೆ ಹೇಳಿದರು: "ಹಾಲು ಹೆಚ್ಚಾಗ್ಯದೆ ಕಣಮ್ಮಾ."

ಹಾಲು ಇರುವುದಷ್ಟೇ ಅಲ್ಲ, ಹೆಚ್ಚಾಗಿಯೇ ಇದೆ. ಈಗಿನವರು ರುಚಿಗೆಂದು ಅಮ್ಮನ ಹಾಲುಬಾಯಿಗೂ ಹಸುವಿನ ಹಾಲು ಬೆರೆಸತೊಡಗಿದ್ದಾರೆ ಎಂದುಕೊಂಡೆ. ಆ ಕಡೆ ಬಸ್ಸಿನ ಹಾರನ್ನು. ಬರುತ್ತೇನೆ ಎಂದು ತಿರುಗಿದೆ. ದಾರಿಯುದ್ದಕ್ಕೂ ಕಾಲ ಕೆಟ್ಟಿತು ಎಂದು ಯಜಮಾನರ ಕಿವಿ ತುಂಬಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ, ಮಗುವಿಗೆ ಏನಂತ ಹೇಳೋಣ ಎಂದು ಕೇಳಿದರು. ಮನೆ ಮುಟ್ಟಿದಾಗ ಅವನಿ ನಮ್ಮ ಬರಿಗೈ ನೋಡಿ ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಅಡುಗೆಮನೆ. ಯಜಮಾನರು ಚೀಲ ಹಿಡಿದು ಹೊರಟಿದ್ದರು. ಅವನಿ ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದಳು. ನಾನು ಡಬ್ಬಿ ತೆಗೆದು ನೋಡಿ, ರೀ, ಉಪ್ಪು ಹೆಚ್ಚಾಗಿದೆ, ಒಂದು ಪ್ಯಾಕೆಟ್ ತನ್ನಿ ಎಂದೆ.

ಅವನಿ ಚಮಚ ಬಾಯಲ್ಲಿಟ್ಟುಕೊಂಡೇ ಕೇಳಿದಳು. "ಹೆಚ್ಚಾಗಿದ್ರೆ ಮತ್ಯಾಕೆ ತರೋದು ಅಜ್ಜಿ?"

ಏನು ಹೇಳಲಿ ಓದುಗರೇ, ಡಬ್ಬಿ ಹಿಡಿದ ಕೈ ಹಾಗೇ ನಿಂತಿತು. ನಮ್ಮ ಹೆಂಗಸರು ಮುಗಿಯಿತು ಎನ್ನುವುದಿಲ್ಲ, ಅದರಲ್ಲೂ ಉಪ್ಪು, ಅಕ್ಕಿ, ಹಾಲಿಗೆ. ಹೆಚ್ಚಾಗಿದೆ ಎನ್ನುತ್ತೇವೆ. ಬಳೆ ಒಡೆದರೂ ಹೆಚ್ಚಿತು ಎನ್ನುತ್ತೇವೆ. ಹೊರಟವರು ಬರುತ್ತೇನೆ ಎನ್ನುತ್ತೇವೆ, ನಾನೇ ಗಂಗಕ್ಕನ ಅಂಗಡಿಯಿಂದ ಹಾಗೆಂದು ಬಂದಿರಲಿಲ್ಲವೇ? ಶುಕ್ರವಾರ, ದೀಪದ ಹೊತ್ತು, ದೇವರ ಪಟದ ಮುಂದೆ ನಿಂತ ಹೆಂಗಸು ಇಲ್ಲ ಎಂಬ ಮಾತನ್ನು ಬಾಯಿಂದ ತೆಗೆಯುತ್ತಾಳೆಯೇ? ಹಾಲು ಹೆಚ್ಚಾಗಿದೆ ಎಂದರೆ ಹಾಲು ಇಲ್ಲ ಎಂದು. ಎಪ್ಪತ್ತು ವರ್ಷ ನಾನೇ ಆಡಿದ ಮಾತು ಬೇರೆಯವರ ಬಾಯಲ್ಲಿ ಕೇಳಿದಾಗ ನನಗೆ ತಿಳಿಯಲಿಲ್ಲ.

ಇದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದಿದೆ. ಬೋರ್ಡಿಂಗಿಗೆ ಸೇರಿದ ಮೊದಲ ತಿಂಗಳು, ಟೆಸ್ಟಿನ ದಿನ ನನ್ನ ದೌತಿಯಲ್ಲಿ ಇಂಕು ಮುಗಿದಿತ್ತು. ಮುಗಿಯಿತು ಎನ್ನಬಾರದು ಎಂದು ಅಮ್ಮ ಕಲಿಸಿದ್ದಳು. ಇಂಗ್ಲಿಷಿನಲ್ಲೇ ಮಾತಾಡಬೇಕು ಎಂದು ಸಿಸ್ಟರ್ ಕಲಿಸಿದ್ದರು. ಎರಡನ್ನೂ ಪಾಲಿಸಿ, ಎದ್ದು ನಿಂತು, "ಸಿಸ್ಟರ್, ಮೈ ಇಂಕ್ ಹ್ಯಾಸ್ ಬಿಕಮ್ ಮೋರ್" ಎಂದೆ. ಸಿಸ್ಟರ್ ಅಗಾಥಾ ಮೆಚ್ಚಿ ನಕ್ಕು, ಹಾಗಾದರೆ ಪಕ್ಕದವಳಿಗೂ ಸ್ವಲ್ಪ ಕೊಡು ಎಂದರು. ನಾನು ಖಾಲಿ ದೌತಿಯನ್ನು ಪಕ್ಕದವಳ ಮುಂದಿಟ್ಟು, ಒಣ ಪೆನ್ನು ಹಿಡಿದು ಇಡೀ ಟೆಸ್ಟು ಕೂತಿದ್ದೆ. ಸೊನ್ನೆ ಬಂತು. ಸಿಸ್ಟರಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಎಂದು ಎಷ್ಟೋ ದಿನ ಕೋಪ ಇತ್ತು. ಈಗ ನೋಡಿದರೆ, ಸೊರಬದಲ್ಲಿ ಆ ಶುಕ್ರವಾರ ಸಿಸ್ಟರ್ ಅಗಾಥಾ ನಾನೇ.

ಮಗುವಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಿದೆ, ಯಜಮಾನರಿಗೆ ನನ್ನ ತಪ್ಪು ಹೇಳಿದೆ. ಅವರು ನಗಲಿಲ್ಲ. ಬಂದಳಿಕೆಯ ಕಲ್ಲು ಎಂದರು ಅಷ್ಟೆ. ಬಹಳ ವರ್ಷದಿಂದ ಅವರೊಬ್ಬರೇ ಹೊರುತ್ತಿದ್ದ ಆ ಕಲ್ಲಿಗೆ ಇನ್ನೊಂದು ಹೆಗಲು ಸಿಕ್ಕ ಖುಷಿ ಮುಖದಲ್ಲಿ ಕಾಣುತ್ತಿತ್ತು.

ಭಾನುವಾರ ಬೆಳಿಗ್ಗೆ ಅವನಿಯನ್ನೂ ಕರೆದುಕೊಂಡು ಮತ್ತೆ ಸೊರಬ. ಗಂಗಕ್ಕನಿಗೆ ಎಲ್ಲ ವಿವರಿಸಿದೆ. ಅವರು ಹೊಟ್ಟೆ ಹಿಡಿದು ನಕ್ಕರು.

"ನೀವು ಹಾಲು ಕೇಳಿದ್ರಿ, ನಾ ಚರಿಗೆಗೆ ಹಾಕಿಸ್ಕಂಡು ಹೋಗೋ ಹಾಲು ಕೇಳ್ತಾರೆ ಅಂದ್ಕಂಡೆ ಮಾರಾಯ್ತಿ. ಕ್ಯಾನಿನ ಹಾಲು ತೀರಿತ್ತು. ಸಂಜೆ ಹೊತ್ತು ಇಲ್ಲ ಅಂತ ಹೆಂಗೆ ಅನ್ನೂದು?"

ಆದರೆ ನನ್ನ ಕಣ್ಣು ಆ ಕ್ಯಾನಿನ ಮೇಲೇ ಇತ್ತು. ಅದು ಅಲ್ಲಿತ್ತು ಎಂದರೆ ಗಾಜಿನ ಪೆಟ್ಟಿಗೆಯ ತುಂಡುಗಳೂ ತಕರಾರಿಗೇ ಸೇರುತ್ತವೆ. ಹಾಲು ಮುಟ್ಟಿದ ಕೈ, ಅದೇ ಚಾಕು. ತಟ್ಟೆಗೆ ತುಪ್ಪ ಸವರುತ್ತೀರಾ ಎಂದು ಕೇಳಿದೆ. ಕಾಯಿಯೇ ಎಣ್ಣೆ ಬಿಡುವಾಗ ತುಪ್ಪ ಎಂತಕ್ಕೆ ಎಂದರು. ಮಗುವಿನ ವಿಷಯ ಹೇಳಿದ ಮೇಲೆ ನಗು ನಿಲ್ಲಿಸಿ, ಸೆರಗು ಸಿಕ್ಕಿಸಿ, ನಮ್ಮನ್ನು ಅಂಗಡಿಯ ಹಿಂದಿನ ಮನೆಗೆ ಕರೆದರು. ಮಗಳ ಮದುವೆಗೆಂದು ತಂದು ಬಳಸದೇ ಉಳಿದಿದ್ದ ಹೊಸ ಪಾತ್ರೆ ಅಟ್ಟದಿಂದ ಇಳಿಯಿತು. ರುಬ್ಬುವ ಕಲ್ಲನ್ನು ಮೂರು ಸಲ ತೊಳೆದರು. ಯಜಮಾನರು ಭೂತಗನ್ನಡಿ ಹಿಡಿದು ಪಾತ್ರೆಯ ಅಂಚು, ಸೌಟಿನ ಕುತ್ತಿಗೆ, ಎಲ್ಲವನ್ನೂ ನೋಡಿದರು. ಗಂಗಕ್ಕ ಆ ಸರ್ವೆಯನ್ನು ನೋಡುವಷ್ಟು ನೋಡಿ, ಕಣ್ಣಿಗೆ ಅಷ್ಟು ಕೆಲಸ ಕೊಟ್ಟಿರಿ, ಕೈಗೂ ಸ್ವಲ್ಪ ಕೊಡಿ ಎಂದು ಸೌಟನ್ನು ಅವರ ಕೈಗೇ ಹಾಕಿದರು. ನಮ್ಮ ಯಜಮಾನರು ನಮ್ಮ ಮದುವೆಯಾದ ಮೇಲೆ ಒಲೆಯ ಮುಂದೆ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. ಇಲ್ಲಿ ನಿಂತು ಬೆವರುವುದೂ ಒಂದು ಸಾಗುವಳಿಯೇ ಎಂದು ಅವರಿಗೆ ತಿಳಿಯಲಿ ಎಂದು ನಾನೂ ಸುಮ್ಮನೆ ಕೂತೆ.

ಪಾಕ ಪಾತ್ರೆ ಬಿಟ್ಟು ಬಂತು. ಬಾಡಿಸಿದ ಬಾಳೆಲೆಯ ಮೇಲೆ ಸುರಿದು ಆರಲು ಬಿಟ್ಟರು. ಮೊದಲು ಕಡಲೆಕಾಳಿನಷ್ಟು ತುಣುಕನ್ನು ಅವನಿಯ ನಾಲಿಗೆಯ ಮೇಲಿಟ್ಟು ಕಾದೆವು. ನನ್ನ ಒಂದು ಕೈ ಬ್ಯಾಗಿನೊಳಗೆ, ಔಷಧಿ ಬಾಟಲಿಯ ಮೇಲೆ. ಅವನಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ತುಟಿ ಊದಲಿಲ್ಲ. ಮೈ ಕೆಂಪಾಗಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಅವಳೇ ಕೇಳಿದಳು. "ಸಾಗುವಳಿ ಅಲ್ವಾ ಅಜ್ಜ? ಇನ್ನೊಂದು ಕೊಡಿ."

ಯಜಮಾನರು ಮುಖ ಆ ಕಡೆ ತಿರುಗಿಸಿಕೊಂಡು, ಒಲೆಯ ಹೊಗೆ ಎಂದರು. ಗಂಗಕ್ಕನದು ಗ್ಯಾಸಿನ ಒಲೆ.

ಸೋಮವಾರ ಮಧ್ಯಾಹ್ನದಿಂದಲೇ ನಾನು ಗೇಟಿನ ಹತ್ತಿರ. ಮುಂಜಾನೆ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಬಾಳೆಲೆ ಹಾಸಿ, ತುಂಡುಗಳನ್ನು ಜೋಡಿಸಿ ಕಳಿಸಿದ್ದೆ. ನಾಲ್ಕು ಗಂಟೆಗೆ ಅವನಿ ಬಂದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಬಹಳ ಗಂಭೀರವಾಗಿ. ಏನಾಯಿತು ಎಂದು ಕೇಳಿದೆ.

"ಹಾಲುಬಾಯಿ ಹೆಚ್ಚಾಗಿದೆ ಅಜ್ಜಿ."

ಈಗಿನ ಮಕ್ಕಳು, ಬಣ್ಣದ ಕಾಗದದ ಚಾಕಲೇಟು ತಿನ್ನುವವು, ಈ ಬೆಲ್ಲದ ತುಂಡನ್ನು ಯಾರು ಮುಟ್ಟುತ್ತಾರೆ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಹಂಚಿ, ಮಿಕ್ಕು, ಹೊತ್ತು ತಂದಿದ್ದಾಳೆ ಪಾಪ. ಸಮಾಧಾನದ ಮಾತನ್ನು ಮನಸ್ಸಿನಲ್ಲೇ ಎರಡು ಭಾಷೆಯಲ್ಲಿ ಜೋಡಿಸಿಕೊಳ್ಳುತ್ತಾ ಡಬ್ಬಿಯನ್ನು ಕೈಗೆ ತೆಗೆದುಕೊಂಡೆ. ಹಗುರವಾಗಿತ್ತು. ಮುಚ್ಚಳ ತೆಗೆದೆ. ಒಳಗೆ ಬಾಳೆಲೆಯೊಂದೇ, ಅದರ ಮೇಲೆ ಬೆರಳಿನಿಂದ ಬಳಿದ ಗೆರೆಗಳು.

ಮೂರು ದಿನದೊಳಗೆ ಎರಡನೆಯ ಸಲ. ಅದೂ ನಾನೇ ಕಲಿಸಿದ ಮಾತಿಗೆ.

ಯಜಮಾನರು ನನ್ನ ಬ್ಯಾಗಿನಿಂದ ಭೂತಗನ್ನಡಿ ತೆಗೆದು, ಡಬ್ಬಿಯ ನಾಲ್ಕೂ ಮೂಲೆ ನೋಡಿ, ಒಂದು ಗುಂಟೆಯೂ ಉಳಿದಿಲ್ಲ ಎಂದು ವರದಿ ಕೊಟ್ಟರು. ನಾನು ಅವನಿಯ ಪಕ್ಕ ಮೆಟ್ಟಿಲ ಮೇಲೆ ಕೂತು, ನೀನು ತಿಂದೆಯಾ ಎಂದು ಕೇಳಿದೆ.

"ಎಲ್ಲರೂ ತಿನ್ನೋವಾಗಲೇ ತಿಂದೆ" ಎಂದಳು. ಸ್ವಲ್ಪ ಯೋಚಿಸಿ, "ಸುಮ್ನೆ ಬಾಯಿ ಆಡಿಸಲಿಲ್ಲ ಅಜ್ಜಿ, ನಿಜವಾಗ್ಲೂ ಅಗಿದೆ" ಎಂದಳು.

ಅದಕ್ಕೆ ಸಾಕ್ಷಿ ಕೇಳಬೇಕಾಗಿರಲಿಲ್ಲ. ಗಲ್ಲದ ಮೇಲಿನ ಬೆಲ್ಲದ ಗುರುತು ಬರಿಗಣ್ಣಿಗೇ ಕಾಣುತ್ತಿತ್ತು.